ಮಾಳಿಗೆಯ ಮೇಲಿನ ಹಡಗು

ನನ್ನ ಮಗಳು ಗೌರಾ ಹಿಂದೂಸ್ತಾನ ಮುಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ. ಇದ್ದಿಲಿನಿಂದ ಮೀಸೆ ಬರೆದುಕೊಂಡು, ಕಾಗದದ ಟೋಪಿ ಹಾಕಿಕೊಂಡು, ಹಿಟ್ಟಿನ ಡಬ್ಬಿಯ ಮೇಲೆ ಒಂದು ಕಾಲಿಟ್ಟು "ಮೈಂ ಹಿಂದೂಸ್ತಾನ್ ಪಹುಂಚ್ ಗಯಾ!" ಎಂದು ಕೂಗಿದಳು. ನಾನು ಹಿಂದೂಸ್ತಾನ ಮುಟ್ಟಿದೆ ಅಂತ ಅದರ ಅರ್ಥ.

"ಮುಟ್ಟಿದರ ಮುಟ್ಟು, ಮೊದಲ ಡಬ್ಬಿ ಮ್ಯಾಗಿಂದ ಕಾಲ್ ತೆಗಿ," ಎಂದು ಗದರಿದೆ.

ಆಗ ನಾವು ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿದ್ದೆವು. ನಿಜಾಮ ಸರ್ಕಾರದ ಕಾಲ. ಮೂವತ್ತಾರನೆಯ ಇಸವಿಯ ಬೇಸಿಗೆ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ದೇವೀಂದ್ರಪ್ಪ ಅಲ್ಲಿಯ ಸರ್ಕಾರಿ ಶಾಲೆಯ ಮಾಸ್ತರ. ಗುಲಬರ್ಗಾದಿಂದ ತಪಾಸಣೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಅವರ ಮುಂದೆ ಮಕ್ಕಳಿಂದ ಉರ್ದುವಿನಲ್ಲಿ ಒಂದು ಸಣ್ಣ ನಾಟಕ ಆಡಿಸಬೇಕೆಂದು ನಮ್ಮವರಿಗೆ ಹುರುಪೋ ಹುರುಪು. ಪುಸ್ತಕದಲ್ಲಿ ವಾಸ್ಕೋ ಡ ಗಾಮನ ಪಾಠವಿತ್ತು. ಸಮುದ್ರಕ್ಕೆ ಹೆದರದ ಶೂರ, ದಾರಿ ಇಲ್ಲದ ಕಡೆ ದಾರಿ ಕಂಡವನು, ಇತ್ಯಾದಿ ಇತ್ಯಾದಿ. ವಾಸ್ಕೋ ಆಗಲು ನಿಂತ ಗಂಡುಹುಡುಗರೆಲ್ಲ ಉರ್ದು ಮಾತು ನುಂಗಿಕೊಂಡು ಕೂತರು. ನನ್ನ ಮಗಳ ಬಾಯಿಯೋ, ಊರ ಬಾವಿಯ ಹತ್ತಿರ ಕೂಗಿದರೆ ಹೊಲದಲ್ಲಿದ್ದವರು ತಿರುಗಿ ನೋಡಬೇಕು. ಹಾಗಾಗಿ ವಾಸ್ಕೋ ಲಂಗ ಉಟ್ಟುಕೊಂಡೇ ಹಡಗು ಹತ್ತಿದ.

ಲಂಗ ಮುಚ್ಚಲು ಒಂದು ಉದ್ದ ಕೋಟು ಬೇಕಾಯಿತು. ಪಕ್ಕದ ಮನೆಯ ಹಮೀದಾಬೇಗಂ ತನ್ನ ಗಂಡ ಇಮಾಮಸಾಬನ ಹಳೆಯ ಕೋಟನ್ನು ಕತ್ತರಿಸಿ ಹೊಲಿದುಕೊಟ್ಟಳು. ಇಮಾಮಸಾಬ ಹಜ್ಜಿಗೆ ಹೋಗಿದ್ದ. ಊರಿಗೆ ಊರೇ ಹೋಗಿ ಸೀಮೆಯ ತನಕ ಅವನನ್ನು ಕಳಿಸಿ ಬಂದಿತ್ತು; ನಮ್ಮವರು ಹಾರ ಹಾಕಿದ್ದರು. ಅವನು ಹೋದ ಮೇಲೆ ಹಮೀದಾ ಗಂಡುಮಗು ಹಡೆದಿದ್ದಳು. ಬಾಣಂತಿ, ಒಂದು ಕಾಲಿನಿಂದ ತೊಟ್ಟಿಲು ತೂಗುತ್ತ ವಾಸ್ಕೋನ ಕೋಟಿಗೆ ಜರಿ ಹಚ್ಚಿದಳು. ಅವಳ ದೊಡ್ಡ ಮಗಳು ಮೆಹರಾಜ ಮತ್ತು ನನ್ನ ಗೌರಾ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ನಾಟಕದಲ್ಲಿ ಮೆಹರಾಜ ವಾಸ್ಕೋನ ಹಿಂದೆ ಬಾವುಟ ಹಿಡಿದು ನಿಲ್ಲಬೇಕಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಆದರೆ ನನ್ನ ಗಂಡನಿಗೆ ಒಂದು ರೋಗವಿದೆ. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ಹೇಳಿದರು: "ರುಕ್ಮಿಣಿ, ಆ ಪಾಠದಾಗ ಅರ್ಧಾನೇ ಅದ. ಗುಲಬರ್ಗಾದಾಗ ತರಬೇತಿಗಿ ಹೋದಾಗ ನಮ್ಮ ಉಸ್ತಾದರು ಉಳದರ್ಧ ಹೇಳಿದ್ರು. ಅವ ಬರೀ ದಾರಿ ಕಂಡವ ಅಲ್ಲ."

"ಮತ್ತೇನ್ ಕಂಡಾನ್ರಿ?"

ಅವರು ಹೇಳಿದರು. ನಾನು ಕೇಳಿಸಿಕೊಂಡೆ. ಆ ದಿನ ನನ್ನ ಪಾಲಿನ ರೊಟ್ಟಿಯನ್ನೂ ತಿರುಗಿ ಬುಟ್ಟಿಗೆ ಹಾಕಿದೆ.

"ಮಕ್ಕಳಿಗಿ ಹೇಳೋದು ಬ್ಯಾಡ ಅಂತಿಯೇನು?" ಎಂದು ಕೇಳಿದರು.

"ಬ್ಯಾಡ ಅನ್ನಲ್ರಿ. ಆದ್ರ ನೋಡಿ ಹೇಳ್ರಿ. ಅವು ಕೂಸುಗೂಳು."

"ನನ್ನ ಮಗಳು ಅವನ ವೇಷ ಹಾಕ್ಯಾಳ. ಯಾರ ವೇಷ ಹಾಕೀನಿ ಅಂತ ಆಕಿಗಿ ಗೊತ್ತಿರಬ್ಯಾಡೇನು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಗಂಡನ ಮಾತಿನಲ್ಲಿ ಸಾಮಾನ್ಯವಾಗಿ ತಪ್ಪಿರುವುದಿಲ್ಲ, ಅದೇ ನನ್ನ ಕಷ್ಟ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಗುರುವಾರ ಅದು ಅವರ ಬಾಯಿಂದ ಬಂದೇ ಬಂತು, ಅದೂ ಕೊನೆಯ ತಾಸಿನಲ್ಲಿ. ಮರುದಿನ ಶುಕ್ರವಾರ, ಶಾಲೆಗೆ ರಜೆ. ವಾಸ್ಕೋ ಎರಡನೆಯ ಸಲ ಈ ಕಡೆ ಬಂದಾಗ ಏನಾಯಿತು ಎಂದು ಅವರು ಮಕ್ಕಳಿಗೆ ಹೇಳಿದರು. ಮಕ್ಕಾದಿಂದ ಯಾತ್ರೆ ಮುಗಿಸಿ ಊರಿಗೆ ಮರಳುತ್ತಿದ್ದ ಜನರ ಹಡಗೊಂದು ಮಲಬಾರದ ಸಮುದ್ರದಲ್ಲಿ ಅವನ ಕೈಗೆ ಸಿಕ್ಕಿತು. ಅವನು ಅದರಲ್ಲಿದ್ದ ಸಾಮಾನೆಲ್ಲ ದೋಚಿಸಿದ. ಆಮೇಲೆ ಜನ ಒಳಗಿರುವಾಗಲೇ ಬೆಂಕಿ ಹಚ್ಚಿಸಿದ. ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿ ತೋರಿಸಿದರು. ಅವನು ಕದಲಲಿಲ್ಲ. ಕೊನೆಗೆ ಕೂಸುಗಳನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಡೆಗೆ ಚಾಚಿದರು, ಇವುಗಳ ಮೇಲಾದರೂ ಕರುಣೆ ಇರಲಿ ಎಂದು. ಅವನು ತನ್ನ ಹಡಗಿನ ಕಿಂಡಿಯಲ್ಲಿ ನಿಂತು ನೋಡುತ್ತಿದ್ದ.

"ಆಮ್ಯಾಲ ಏನಾತ್ರಿ ಮಾಸ್ತರ?" ಎಂದು ಯಾವುದೋ ಮಗು ಕೇಳಿತಂತೆ.

"ಸುಟ್ಟುಹೋದ್ರು," ಎಂದರಂತೆ ನಮ್ಮವರು. ಹೊತ್ತಾಗಿತ್ತು. ಎದ್ದು ಗಂಟೆ ಬಾರಿಸಿದರು. ಮಕ್ಕಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟವು. ಮೆಹರಾಜ ಬಾಗಿಲು ದಾಟಿ ಹೋದ ಮೇಲೆ ನನ್ನ ಗಂಡನಿಗೆ ನೆನಪಾಯಿತು, ಆ ಹುಡುಗಿಯ ಅಪ್ಪ ಇದೇ ತಿಂಗಳು ಮಕ್ಕಾದಿಂದ ಹಡಗು ಹತ್ತುವವನಿದ್ದಾನೆ ಎಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರು ಆ ಪಾಠವನ್ನು ಇಂದಿಗೂ ಹೇಳುತ್ತಾರೆ, ಆದರೆ ಮುಂಜಾನೆ ಹೇಳುತ್ತಾರೆ. ಮಕ್ಕಳು ಸಂಜೆಯ ತನಕ ಅವರ ಕಣ್ಣೆದುರಿಗೇ ಇರುತ್ತಾರೆ.

ಆ ಸಂಜೆ ಗೌರಾ ಮನೆಗೆ ಬಂದು ಸುಮ್ಮನೆ ಕೂತಳು. ನನ್ನ ಮಗಳು ಸುಮ್ಮನೆ ಕೂತದ್ದನ್ನು ಅವಳು ಹುಟ್ಟಿದಾಗಿನಿಂದ ನಾನು ಕಂಡಿರಲಿಲ್ಲ. ಹೊಟ್ಟೆನೋವೇನೋ ಎಂದುಕೊಂಡೆ. ಒಲೆ ಹಚ್ಚಿ ಕರೆದರೆ ಬಾಗಿಲ ಆಚೆಗೇ ನಿಂತಳು. ಒದ್ದೆ ಲಂಗದ ಅಂಚಿನಿಂದ ಮೇಲ್ದುಟಿ ಉಜ್ಜಿಕೊಳ್ಳುತ್ತಿದ್ದಳು.

"ಏನ್ ತಿಕ್ಕಾಕತ್ತಿದಿಬೇ?"

"ಮೀಸಿ ಹೋಗವಲ್ದವ್ವ."

ಮೀಸೆ ಯಾವಾಗಲೋ ಹೋಗಿತ್ತು. ಅಂದು ಅವಳು ಬರೆದುಕೊಂಡೇ ಇರಲಿಲ್ಲ. ಕೈ ಹಿಡಿದು ಬಿಡಿಸಿದೆ. ಮರುದಿನ ಮುಂಜಾನೆ ನೋಡಿದರೆ ತುಟಿಯ ಮೇಲಿನ ಚರ್ಮ ಕಿತ್ತು ಕೆಂಪಗೆ ಆಗಿತ್ತು. ಬೆಣ್ಣೆ ಹಚ್ಚಿದರೆ ಅದನ್ನೂ ಉಜ್ಜಿ ತೆಗೆದಳು.

ಶುಕ್ರವಾರದ ಮಧ್ಯಾಹ್ನ ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಗೌರಾ ನನ್ನ ಬೆನ್ನಿಗೆ ಅಂಟಿ ಕೂತಿದ್ದಳು. ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ.

"ಅವ್ವಾ, ಮಾಳಿಗಿ ಮ್ಯಾಲ ಹೆಣ್ಣಮಕ್ಕಳು ನಿಂತಾರ."

"ಯಾರು? ಹಮೀದಾನೇನು?"

"ಹಡಗಿನವ್ರು. ಕುಂಬಿ ಗುಂಟ ನಿಂತಾರ. ಕೂಸು ಎತ್ತಿ ಹಿಡದಾರ." ಅವಳ ದನಿ ಬಹಳ ಸಣ್ಣಗಿತ್ತು. "ನನ್ನ ಕಡೀಗೇ ಚಾಚ್ಯಾರವ್ವ. ನಾ ಏನ್ ಮಾಡ್ಲಿ?"

ನಾನು ಮೊರ ಕೆಳಗಿಟ್ಟು ತಲೆಯೆತ್ತಿದೆ. ನಮ್ಮ ಮಣ್ಣಿನ ಮಾಳಿಗೆ, ಅದರ ಅಂಚಿನ ಕುಂಬಿ, ಅದರ ಮೇಲೆ ಬಿಳಿಯ ಆಕಾಶ. ಯಾರೂ ಇರಲಿಲ್ಲ. ಹುಡುಗಿಯ ಭಯ ಬಿಡಿಸಲು ಅವಳ ಕೈಹಿಡಿದು ಏಣಿ ಹತ್ತಿಸಲು ನೋಡಿದೆ. ಕಿರುಚಿದಳು. ನಾನೊಬ್ಬಳೇ ಹತ್ತಿದೆ. ಒಣಹಾಕಿದ ಮೆಣಸಿನಕಾಯಿ ಹಾಗೇ ಇತ್ತು. "ನೋಡು, ಯಾರೂ ಇಲ್ಲ," ಎಂದು ಮೇಲಿನಿಂದ ಕೂಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ನಿಜ ಹೇಳುತ್ತೇನೆ, ಆ ಸುಡುಬಿಸಿಲಲ್ಲಿ ನನ್ನ ಮೈ ತಣ್ಣಗಾಯಿತು. ಅವರ ನಡುವೆ ನಾನು ನಿಂತಿದ್ದೇನೆ ಅನ್ನಿಸಿತು. ಇಳಿದು ಬಂದ ಮೇಲೆ ಬಹಳ ದಿನ ನಾನು ಮಾಳಿಗೆಯ ಕಡೆ ತಲೆ ಎತ್ತಲಿಲ್ಲ.

ಎರಡು ಮನೆಯ ನಡುವೆ ಮೋಟುಗೋಡೆಯೊಂದಿದೆ. ಶನಿವಾರ ಹಮೀದಾ ಅದರ ಆಚೆ ಬಂದು ನಿಂತಳು. ತೋಳಿನಲ್ಲಿ ಕೂಸು. ನಗುಮುಖದ ಹೆಣ್ಣು, ಅಂದು ನಗಲಿಲ್ಲ.

"ಅಕ್ಕಾ, ಮಾಸ್ತರು ನಮ್ಮ ಹುಡುಗಿಗಿ ಏನ್ ಹೇಳ್ಯಾರ್ರಿ? ಒಲಿ ಹಚ್ಚಗೊಡವಲ್ಲಳು. ಅಬ್ಬಾನ ಹಡಗಕ್ಕ ವಾಸ್ಕೋ ಬೆಂಕಿ ಹಚ್ತಾನ ಅಂತ ಒಂದೇ ಸಮ ಅಳಾಕತ್ತಾಳ."

"ಅವ ಸತ್ತು ನಾಕನೂರು ವರ್ಷ ಆತು ಅಂತ ಹೇಳವ್ವ."

"ಹೇಳೀನ್ರಿ." ಹಮೀದಾ ನನ್ನ ಮುಖ ನೋಡಲಾರದೆ ಕೂಸಿನ ತಲೆ ಸವರಿದಳು. "ಅವ ಸತ್ತಿಲ್ಲ, ಬಾಜೂ ಮನ್ಯಾಗ ಅದಾನ ಅಂತಾಳ."

ಗೌರಾ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅಂದಿನಿಂದ ಅವಳು ಮೋಟುಗೋಡೆಯ ಹತ್ತಿರ ಹೋಗಲಿಲ್ಲ. ಇಬ್ಬರು ಹುಡುಗಿಯರೂ ಒಬ್ಬರಿಗೊಬ್ಬರು ಕಾಣದಂತೆ ಮನೆಯೊಳಗೆ ಉಳಿದರು. ಮೆಹರಾಜ ಶಾಲೆ ಬಿಟ್ಟಳು.

ಆ ದಿನ ನಾನು ನನ್ನ ಗಂಡನಿಗೆ ಮಾಡಬಾರದ ಮಂಗಳಾರತಿಯನ್ನೆಲ್ಲ ಮಾಡಿದೆ.

"ಹಂಗಾದ್ರ ಸುಳ್ಳು ಹೇಳಬೇಕಿತ್ತೇನು?" ಎಂದರು ಅವರು.

"ಸುಳ್ಳು ಹೇಳ್ರಿ ಅಂತ ಯಾರ್ ಅಂದಾರ್ರಿ? ಕೂಸುಗೂಳ ಕೈಯಾಗ ಬೆಂಕಿ ಕೊಟ್ರಿ, ಗಂಟಿ ಹೊಡದು ಮನೀಗಿ ಕಳಸೀರಿ. ಬೆಂಕಿ ಎಲ್ಲಿ ಇಡಬೇಕು ಅಂತ ಹೇಳೀರೇನು?"

ಪಾಪ, ನೊಂದುಕೊಂಡಿದ್ದರು. ಮರುದಿನ ತರಗತಿಯಲ್ಲಿ, ನಾನು ಹೇಳಿದ್ದನ್ನು ಮರೆತುಬಿಡಿ ಎಂದು ಮಕ್ಕಳಿಗೆ ಹೇಳಿ ಬಂದರು. ಮರೆ ಎಂದದ್ದನ್ನು ಮಕ್ಕಳು ಮರೆತದ್ದುಂಟೇ? ಮರೆತೆವೋ ಇಲ್ಲವೋ ನೋಡಿಕೊಳ್ಳಲು ಅವು ದಿನಾಲೂ ನೆನಪು ಮಾಡಿಕೊಂಡವು. ಪಾಟಿಗಳ ಮೇಲೆ ಪಾಠದ ಬದಲು ಹಡಗು ಬರತೊಡಗಿದವು.

ಗೌರಾ ಒಲೆಯ ಮೇಲೆ ಬೆಂದದ್ದನ್ನು ಬಿಟ್ಟಳು. ತಣ್ಣನೆಯ ಮಜ್ಜಿಗೆ, ಎರಡು ಹಸಿ ಉಳ್ಳಾಗಡ್ಡಿ, ಅಷ್ಟೇ. ಕೋಲಿನಂತಾದಳು. ಓಣಿಯ ಗುರಮ್ಮ ಬಂದು ನೋಡಿ, ಇದು ಗಾಳಿಯೇ ಸೈ ಎಂದಳು. "ಗಾಣಗಾಪುರಕ್ಕ ಕರಕೊಂಡು ಹೋಗ್ರಿ. ಮೈಯಾಗ ಬಂದವ್ರು ಅಲ್ಲಿ ಆರತಿ ಹೊತ್ತಿಗಿ ಕಂಬ ಏರತಾರ, ಮೈ ಬಿಟ್ಟು ಓಡಿ ಹೋಗ್ತಾರ."

"ನನ್ನ ಮಗಳಿಗಿ ದೆವ್ವ ಹಿಡದಿಲ್ಲ, ಇತಿಹಾಸ ಹಿಡದದ," ಎಂದು ನಮ್ಮವರು ಸಿಟ್ಟಾದರು.

"ಏನರೆ ಹಿಡೀಲ್ರಿ, ಬಿಡಸಬೇಕಲ್ಲ?" ಎಂದೆ ನಾನು. ಗಾಣಗಾಪುರದ ದಾರಿಯ ಚೌಡಾಪುರದ ತನಕ ಬಂಡಿಗೆ ಹೇಳಿಯೂ ಬಿಟ್ಟೆ. ಮೊಹರಂ ಮುಗಿದ ಮರುದಿನ ಹೊರಡುವುದೆಂದು ಆಯಿತು. ಅಲ್ಲಿಯ ತನಕ ಹುಡುಗಿ ಉಳಿದರೆ ಸಾಕು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು.

ಇಂಥದರಲ್ಲಿ ಸಾಹೇಬರು ಹೇಳದೆ ಕೇಳದೆ ಬಂದರು. ಮೊಹರಮಿನ ಚಂದ್ರ ಕಂಡ ಮೂರನೆಯ ದಿನ, ಧೂಳೆಬ್ಬಿಸಿಕೊಂಡು ಮೋಟಾರು ಶಾಲೆಯ ಮುಂದೆ ನಿಂತಿತು. ನಾಟಕ ಬೇಡವೆಂದು ನಮ್ಮವರು ಹೇಳುವುದರೊಳಗೆ ಗೌರಾ ತಾನಾಗಿಯೇ ಕೋಟು ಹಾಕಿಕೊಂಡು ಹೊರಟಿದ್ದಳು. ನಾನು ತಡೆದೆ.

"ನಾ ಹೋಗಲಿಕ್ಕಂದ್ರ ಅವ್ರು ಅಲ್ಲೇ ನಿಂತಿರ್ತಾರವ್ವ," ಎಂದಳು.

ಅವಳ ಹಿಂದೆಯೇ ಹೋಗಿ ನಾನು ಶಾಲೆಯ ಬಾಗಿಲಲ್ಲಿ ನಿಂತೆ. ಸಾಹೇಬರು ವಯಸ್ಸಾದವರು, ಸಣ್ಣ ಬಿಳಿ ಗಡ್ಡ, ಮೆತ್ತಗಿನ ಮಾತು. ಅಂಗಳದಲ್ಲಿ ಕುರ್ಚಿ ಹಾಕಿ ಕೂಡಿಸಿದ್ದರು. ನಾಟಕ ಶುರುವಾಯಿತು. ಗಾಳಿ ಎದ್ದಿತು, ನಾವಿಕರು ಹೆದರಿದರು, ವಾಸ್ಕೋ ಹೆದರಲಿಲ್ಲ. ಬಾವುಟ ಹಿಡಿಯುವ ಮೆಹರಾಜಳ ಜಾಗ ಖಾಲಿ ಇತ್ತು. ಗೌರಾ ಮುಂದೆ ಬಂದು ಸ್ಟೂಲಿನ ಮೇಲೆ ಕಾಲಿಟ್ಟು ಕೈ ಎತ್ತಿದಳು.

"ಮೈಂ ಹಿಂದೂಸ್ತಾನ್..." ಎಂದಳು.

ಮುಂದಿನ ಮಾತು ಬರಲಿಲ್ಲ. ಅವಳ ಕಣ್ಣು ಸಾಹೇಬರ ತಲೆಯ ಮೇಲಿಂದ ಶಾಲೆಯ ಮಾಳಿಗೆಗೆ ಹೋಯಿತು. ಎತ್ತಿದ ಕೈ ನಿಧಾನವಾಗಿ ಕೆಳಗಿಳಿದು ಬೆನ್ನ ಹಿಂದೆ ಸೇರಿತು.

"ಬಂದಾರ್ರಿ," ಎಂದಳು ಕನ್ನಡದಲ್ಲಿ. "ಇಲ್ಲೀಗೂ ಬಂದಾರ."

ಮಕ್ಕಳೆಲ್ಲ ಒಟ್ಟಿಗೆ ಮೇಲೆ ನೋಡಿದವು. ಒಂದು ಮಗುವೂ ನಗಲಿಲ್ಲ. ಯಾರು ಬಂದಿದ್ದಾರೆ ಎಂದು ಒಂದು ಮಗುವೂ ಕೇಳಲಿಲ್ಲ. ಸಾಹೇಬರ ಕುತ್ತಿಗೆ ಮೆಲ್ಲಗೆ ಹಿಂದಕ್ಕೆ ತಿರುಗಿತು. ನಾನೂ ನೋಡುತ್ತಿದ್ದೆನೇನೋ, ಆದರೆ ನನಗೆ ಧೈರ್ಯವಾಗಲಿಲ್ಲ.

ಮಕ್ಕಳನ್ನು ಮನೆಗೆ ಕಳಿಸಿ ಸಾಹೇಬರು ನಮ್ಮವರನ್ನು ಒಳಗೆ ಕರೆದರು. ಗೌರಾಳನ್ನು ಮಡಿಲಲ್ಲಿ ಹಾಕಿಕೊಂಡು ನಾನು ಹೊಸ್ತಿಲ ಹತ್ತಿರವೇ ಕೂತಿದ್ದೆ, ಕೆಲಸ ಹೋದರೆ ಹೋಗಲಿ ಎಂದು. ನಮ್ಮವರು ಒಂದನ್ನೂ ಮುಚ್ಚಿಡದೆ ಹೇಳಿದರು.

"ನೀವು ಹೇಳಿದ್ದು ನಿಜ. ನಾನೂ ಓದಿದ್ದೇನೆ," ಎಂದರು ಸಾಹೇಬರು ಉರ್ದುವಿನಲ್ಲಿ. "ನನ್ನ ತಾಯಿ ಹಜ್ಜಿಗೆ ಹೋದಾಗ ನಾನು ಇವಳಷ್ಟಿದ್ದೆ. ಯಾರಾದರೂ ಆಗ ನನಗೆ ಇದನ್ನು ಹೇಳಿದ್ದರೆ ನಾನೂ ಮಾಳಿಗೆ ನೋಡುತ್ತಿದ್ದೆ. ಇದನ್ನು ಕಲಿಸಬೇಡಿ ಎಂದು ನಾನು ಹೇಳಲಾರೆ ಮಾಸ್ಟರ್‌ಸಾಬ್. ಹೀಗೆ ಕಲಿಸಬೇಡಿ."

"ಮತ್ತೆ ಹೇಗೆ ಕಲಿಸಬೇಕು ಸಾಹೇಬ್?" ಎಂದು ನಮ್ಮವರು ಕೇಳಿದರು. ಸರ್ಕಾರದ ಭಯದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವರಿಗೆ.

ಸಾಹೇಬರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. "ನನಗೂ ಯಾರೂ ಹೇಳಿಕೊಟ್ಟಿಲ್ಲ," ಎಂದರು. ಗೌರಾಳ ತಲೆ ಮುಟ್ಟಿ, ಮೋಟಾರು ಹತ್ತಿ ಹೊರಟುಹೋದರು. ಇಷ್ಟು ದೊಡ್ಡ ಸಾಹೇಬರಿಗೂ ಗೊತ್ತಿಲ್ಲ ಎಂದ ಮೇಲೆ ನಾನು ಇನ್ನು ಯಾರನ್ನು ಕೇಳಲಿ? ಬೈದಿದ್ದರೆ ಚೆನ್ನಾಗಿತ್ತು.

ಗಾಣಗಾಪುರಕ್ಕೆ ಇನ್ನೂ ದಿನವಿತ್ತು. ಮಗಳ ವಿಷಯದಲ್ಲಿ ನಾನು ಒಂದೇ ದೇವರನ್ನು ನಂಬಿ ಕೂಡುವವಳಲ್ಲ. ಊರಲ್ಲಿ ಅಲಾಯಿ ದೇವರು, ಅಂದರೆ ಮೊಹರಮಿನ ಪಂಜಾಗಳು, ಕೂತಿದ್ದವು. ನಮ್ಮ ಕಡೆ ಮೊಹರಮಿಗೆ ಹಿಂದೂ ಮುಸಲ್ಮಾನ ಅನ್ನುವ ಭೇದವಿಲ್ಲ. ಹುಸೇನರ ಸಾವಿನ ಪದ ಹಾಡುವವನು ನಮ್ಮೂರಲ್ಲಿ ದತ್ತಪ್ಪ. ಹರಕೆ ಹೊತ್ತವರು ಮಕ್ಕಳನ್ನು ಫಕೀರ ಮಾಡುತ್ತಾರೆ. ಕೊರಳಿಗೆ ಕೆಂಪು ದಾರ, ಹಣೆಗೆ ಊದಿನ ಬೂದಿ, ಹೆಗಲಿಗೆ ಜೋಳಿಗೆ. ಐದು ಮನೆ ಬೇಡಿ ತಂದು ದೇವರ ಮುಂದೆ ಇಡಬೇಕು. ಫಕೀರ ಬಾಗಿಲಿಗೆ ಬಂದರೆ ಯಾರೂ ಇಲ್ಲ ಎನ್ನುವಂತಿಲ್ಲ. ಅವರು ಏನು ಕೊಟ್ಟರೂ ಫಕೀರ ಒಲ್ಲೆ ಎನ್ನುವಂತಿಲ್ಲ. ಒಂದು ಹಿಡಿ ಜೋಳ ಕೊಟ್ಟರೂ ಸರಿ, ಬೂದಿ ಕೊಟ್ಟರೂ ಸರಿ.

ದತ್ತಪ್ಪ ಗೌರಾಳ ಕೊರಳಿಗೆ ದಾರ ಕಟ್ಟಿದ. ಕೋಟು ಬಿಚ್ಚಿದ್ದೆವು, ಮೀಸೆ ಇರಲಿಲ್ಲ, ಸಣಕಲು ಹುಡುಗಿ, ತುಟಿಯ ಮೇಲೆ ಹುಣ್ಣು. ಅವಳನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ಯಾವ ಮನಿ ಮೊದಲ?" ಎಂದು ನಮ್ಮವರು ಕೇಳಿದರು. ಆ ದಿನ ಅವರೂ ಬಂದಿದ್ದರು, ಬಡವಾದ ಮುಖ ಹೊತ್ತುಕೊಂಡು.

"ಬಾಜೂ ಮನಿ," ಎಂದೆ. ಅದು ಹತ್ತಿರ ಎಂದು ಹೇಳಿದೆ. ಹತ್ತಿರ ಎಂದಷ್ಟೇ ಅಲ್ಲ. ಆ ಬಾಗಿಲು ತೆರೆಯದಿದ್ದರೆ ಉಳಿದ ನಾಲ್ಕು ತೆರೆದು ಏನು ಉಪಯೋಗ?

ಗೌರಾ ಹಮೀದಾಳ ಬಾಗಿಲಲ್ಲಿ ನಿಂತಳು. ನಾವು ಗಂಡ ಹೆಂಡತಿ ಅವಳ ಹಿಂದೆ, ಓಣಿಯಲ್ಲಿ. ಮುಂಜಾನೆಯ ಬಿಸಿಲು ಆಗಲೇ ಕಾದಿತ್ತು.

"ಹುಸೇನರ ಹೆಸರಿಲೆ ಭಿಕ್ಷಾ ಹಾಕ್ರಿ," ಎಂದಳು. ಊರಿಗೆಲ್ಲ ಕೇಳುತ್ತಿದ್ದ ಆ ಬಾಯಿಂದ ಪಿಸುಮಾತು ಬಂತು.

ಬಾಗಿಲು ತೆರೆದವಳು ಮೆಹರಾಜ. ಅವಳೂ ಇಳಿದುಹೋಗಿದ್ದಳು. ಕೊರಳ ದಾರ ನೋಡಿದಳು, ಜೋಳಿಗೆ ನೋಡಿದಳು, ಮುಖ ನೋಡಿದಳು.

"ಯಾಕ ಸುಟ್ಟಿ?" ಎಂದು ಕೇಳಿದಳು.

ಹಮೀದಾ ಒಳಗಿನಿಂದ "ಏ ಮೆಹರಾಜ!" ಎಂದು ಗದರುತ್ತ ಓಡಿಬಂದಳು. ನಮ್ಮವರು ಮುಂದೆ ಹೋಗಿ, ನೀನಲ್ಲ ಮಗಳೇ, ಸುಟ್ಟವನು ಬೇರೆ, ಎಂದು ಹೇಳುವವರಿದ್ದರು. ನಾನು ತೋಳು ಹಿಡಿದೆ. ಅದನ್ನು ಅವರು ದಿನಾಲೂ ಹೇಳಿದ್ದರು. ಹೇಳಿ ಏನಾಗಿತ್ತು?

"ಗೊತ್ತಿಲ್ಲ," ಎಂದಳು ಗೌರಾ. "ಅವ್ರು ಕೂಸು ಚಾಚಿದ್ರು. ನಾ ಇಸಗೋಲಿಲ್ಲ."

ಮೆಹರಾಜ ಒಳಗೆ ಹೋದಳು. ಜೋಳ ತರಲು ಹೋದಳು ಎಂದುಕೊಂಡೆವು. ಬಂದಾಗ ಅವಳ ಕೈಯಲ್ಲಿ ತಮ್ಮನಿದ್ದ. ಅಪ್ಪ ಇನ್ನೂ ಮುಖ ಕಾಣದ ಕೂಸು, ತೊಟ್ಟಿಲಿನಿಂದ ಎಬ್ಬಿಸಿಕೊಂಡು ಬಂದದ್ದು, ಕಣ್ಣು ಕಿರಿದು ಮಾಡಿ ಬಿಸಿಲು ನೋಡುತ್ತಿತ್ತು. ಮೆಹರಾಜ ಹೊಸ್ತಿಲ ಮೇಲೆ ನಿಂತು ಎರಡೂ ಕೈಯಿಂದ ಅದನ್ನು ಎತ್ತಿ ಗೌರಾಳ ಕಡೆಗೆ ಚಾಚಿದಳು.

"ಇಸಕೊ," ಎಂದಳು.

ಹಮೀದಾ ಕೂಸಿಗೆ ಕೈ ಹಾಕಲು ಮುಂದಾದವಳು ಅಲ್ಲೇ ನಿಂತಳು. ಹೆತ್ತವಳು ಹೇಗೆ ನಿಂತಳೋ, ನಾನಾದರೆ ನಿಲ್ಲುತ್ತಿರಲಿಲ್ಲ. ಗೌರಾಳ ಕೈ ಬೆನ್ನ ಹಿಂದೆ ಇದ್ದವು. ಶಾಲೆಯ ಅಂಗಳದಲ್ಲಿ ಹೋಗಿ ಸೇರಿದ ಕೈಗಳು ಅಂದಿನಿಂದ ಅಲ್ಲೇ ಇದ್ದವು ಅನ್ನಿಸಿತು. ಮೆಹರಾಜಳ ತೋಳು ಸಣ್ಣವು, ನಡುಗತೊಡಗಿದವು. ಕೂಸು ಜಾರುತ್ತಿತ್ತು. ಇಮಾಮಸಾಬ ಮುಂದೆ ಸುಖವಾಗಿಯೇ ಊರಿಗೆ ಬಂದ, ಜಮ್‌ಜಮ್ ನೀರು ತಂದ, ಈ ಮಗನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ. ಆದರೆ ಆ ಮುಂಜಾನೆ ಅದು ನಮಗಾರಿಗೂ ಗೊತ್ತಿರಲಿಲ್ಲ. ಅವನ ಹಡಗು ಎಲ್ಲಿದೆ ಎಂದು ಆ ಬಾಗಿಲಲ್ಲಿ ನಿಂತ ಯಾರಿಗೂ ಗೊತ್ತಿರಲಿಲ್ಲ.

"ಫಕೀರ ಒಲ್ಲೆ ಅನ್ನಂಗಿಲ್ಲ," ಎಂದಳು ಮೆಹರಾಜ. ಅವಳು ಅಳುತ್ತಿದ್ದಳು. "ಇಸಕೊ, ಗೌರಾ. ಬೀಳ್ತದ."

ಗೌರಾಳ ಕೈ ಮುಂದೆ ಬಂದವು.

ಕೂಸನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ಅದು ಅವಳ ಕೊರಳ ದಾರ ಹಿಡಿದು ಬಾಯಿಗೆ ಹಾಕಿಕೊಂಡಿತು. ಅವಳ ಬಾಯಿಂದ ಒಂದು ಶಬ್ದ ಬಂತು. ಇಷ್ಟು ದಿನ ಬರದ ಅಳು ಅದು, ಹಳೆಯ ದೊಡ್ಡ ದನಿಯಲ್ಲೇ ಬಂತು, ಓಣಿಯವರು ಬಾಗಿಲಿಗೆ ಬಂದು ನೋಡಿದರು. ಮೆಹರಾಜ ಹೊಸ್ತಿಲು ಇಳಿದು ಅವಳನ್ನು ತಬ್ಬಿಕೊಂಡಳು. ಕೂಸು ಇಬ್ಬರ ನಡುವೆ ಸಿಕ್ಕು ಅದೂ ಕಿರುಚಿತು. ನಾನು ಗೋಡೆಗೆ ಒರಗಿದೆ. ಮಗಳು ಬಂದಳು, ನನ್ನ ಮಗಳು ತಿರುಗಿ ಬಂದಳು ಎಂದು ಮನಸ್ಸು ಹೇಳುತ್ತಿತ್ತು.

ಅಳು ನಿಂತ ಮೇಲೆ ಗೌರಾ ತಲೆ ಎತ್ತಿದಳು. ಹಮೀದಾಳ ಮಾಳಿಗೆಯ ಕುಂಬಿಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಮುಖದಲ್ಲಿ ಭಯವಿರಲಿಲ್ಲ. ಕೆಲಸಕ್ಕೆ ನಿಂತ ದೊಡ್ಡ ಹೆಂಗಸಿನ ಮುಖ ಅದು.

"ಅವ್ವಾ," ಎಂದಳು, "ಇದೊಂದು ಇಸಗೊಂಡೆ. ನನ್ನ ಕೈ ತುಂಬ್ಯಾವ. ಉಳದವನ್ನ ಯಾರು ಇಸಗೋತಾರ?"

ನಾನು ಮಾಳಿಗೆಯ ಕಡೆ ನೋಡಿದೆ. ಬಿಸಿಲು, ಮಣ್ಣು, ಆಕಾಶ. ಯಾರೂ ಇರಲಿಲ್ಲ, ನನ್ನ ಕಣ್ಣಿಗೆ ಎಂದೂ ಯಾರೂ ಕಂಡಿಲ್ಲ. ಆದರೂ ನನ್ನ ಎರಡೂ ಕೈ ಮೇಲೆ ಹೋದವು. ಪಕ್ಕಕ್ಕೆ ತಿರುಗಿದೆ. ನನ್ನ ಗಂಡ ಓಣಿಯ ನಡುವೆ, ಊರ ಜನರೆಲ್ಲ ನೋಡುತ್ತಿರುವಾಗ, ಆ ಖಾಲಿ ಮಾಳಿಗೆಯ ಕಡೆಗೆ ಕೈ ಚಾಚಿಕೊಂಡು ನಿಂತಿದ್ದರು.